ಮೂಕ ಹರಕೆ ಹೊತ್ತ ಅಕ್ಕ

ನಾನು ಚಿಕ್ಕವನಿದ್ದಾಗ, ನಿಜಾಮನ ಆಳ್ವಿಕೆಯ ಕೊನೆಯ ದಿನಗಳಲ್ಲಿ, ನಮ್ಮ ಮನೆಯಲ್ಲಿ ಒಂದು ಹರಕೆ ಬಾಕಿ ಉಳಿದಿತ್ತು. ಮಳೆಗಾಲದಲ್ಲಿ ಅವ್ವ ಚಳಿಜ್ವರ ಬಂದು ಹಾಸಿಗೆ ಹಿಡಿದಿದ್ದಳು. ಅವಳು ಎದ್ದು ಓಡಾಡುವಂತಾದರೆ ಮಸ್ಕಿ ಗುಡ್ಡದ ಮಲ್ಲಯ್ಯನ ಗುಡಿಗೆ ಮೂಕಳಾಗಿ ಬರುತ್ತೇನೆ ಎಂದು ಅಕ್ಕ ಬೇಡಿಕೊಂಡಿದ್ದಳು. ಮನೆಯ ಹೊಸ್ತಿಲು ದಾಟಿದ ಮೇಲೆ ಗುಡಿಯ ಗಂಟೆ ಬಾರಿಸುವತನಕ ಒಂದು ಮಾತೂ ಆಡಬಾರದು. ಆಡಿದರೆ ಅವ್ವನಿಗೆ ಜ್ವರ ಮರಳಿ ಬರುತ್ತದೆ ಎಂದು ಅವಳು ನಂಬಿದ್ದಳು. ಈಗ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹರಕೆ ತೀರಿಸಲೇಬೇಕಿತ್ತು.

ಬೇರೆ ವರ್ಷವಾಗಿದ್ದರೆ ಯೋಚಿಸುವಂಥದ್ದೇನೂ ಇರಲಿಲ್ಲ. ನಸುಕಿನಲ್ಲಿ ಹೊರಟು ಜೋಳದ ಹೊಲಗಳ ನಡುವೆ ನಡೆದರೆ ಬಿಸಿಲೇರುವುದರೊಳಗೆ ಗುಡ್ಡ ಮುಟ್ಟಬಹುದಿತ್ತು. ಆದರೆ ಆ ವರ್ಷ ಗುಡ್ಡ ಹತ್ತುವ ಕಲ್ಲುಮೆಟ್ಟಿಲ ಪಾವಟಿಗೆಗಳ ಬುಡದಲ್ಲಿ, ನಿಜಾಮನ ವಿರುದ್ಧ ಎದ್ದವರನ್ನು ಹುಡುಕಲು, ಬಂದೂಕು ಹಿಡಿದ ಪಹರೆಯವರು ಕೂತಿರುತ್ತಿದ್ದರು. ಯಾರು, ಯಾವೂರು, ಯಾಕೆ ಬಂದಿರಿ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ನಮ್ಮ ಓಣಿಯ ಕಂಬಾರ ಉತ್ತರ ಕೊಡುವಾಗ ತಡವರಿಸಿದ್ದಕ್ಕೆ ಅವನನ್ನು ಲಿಂಗಸುಗೂರಿನ ಠಾಣೆಗೆ ಒಯ್ದಿದ್ದರು, ಇನ್ನೂ ಬಿಟ್ಟಿರಲಿಲ್ಲ. ಬಾಯಿಯನ್ನೇ ಬಿಡದ ಹುಡುಗಿಯನ್ನು ಅವರ ಮುಂದೆ ಹೇಗೆ ಕರೆದುಕೊಂಡು ಹೋಗುವುದು?

ಹಿಂದಿನ ಸಂಜೆ ಅಪ್ಪ ಅಂಗಳದ ಹಾಸುಗಲ್ಲಿನ ಮೇಲೆ ಇದ್ದಿಲಿನಿಂದ ಗುಡ್ಡ ಬರೆದ. ಪಾವಟಿಗೆ ಬೇಡ, ಹಿಂಬದಿಯಿಂದ ಆಡು ಹತ್ತುವ ದಾರಿಯಲ್ಲಿ ಹೋಗೋಣ ಎಂದ. ಮುಂದೆ ತಾನು, ನಡುವೆ ನಾನು, ಹಿಂದೆ ನೀರಿನ ತಂಬಿಗೆ ಹಿಡಿದ ಅಕ್ಕ. ಬಂಡೆಗಳ ನಡುವೆ ದನಿ ದೂರ ಹೋಗುತ್ತದೆ, ಯಾರೂ ಒದರಬಾರದು ಎಂದು ನನಗೆ ಎರಡು ಸಲ ಹೇಳಿದ. ರೊಟ್ಟಿ, ಶೇಂಗಾ ಹಿಂಡಿ, ನೆರಳು ಎಲ್ಲವನ್ನೂ ಯೋಚಿಸಿದ. ಹಿಂದೆ ಬರುವ ಅಕ್ಕನಿಗೆ ಏನಾದರೂ ಆದರೆ ಅವಳು ಹೇಗೆ ಕರೆಯಬೇಕು ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅವ್ವ ಅಕ್ಕನನ್ನು ನೋಡಿ ನಕ್ಕಳು. “ಒಂದ್ ತಾಸು ಬಾಯಿ ಮುಚ್ಚಾಕಿ ಅಲ್ಲ ನೀ. ನಾಳಿಗೆ ಹೆಂಗ ಮಾಡ್ತಿ ಬೇ?”

ಮರುದಿನ ಗುಡ್ಡ ಹತ್ತುವಾಗ ಬಂಡೆಗಳು ಆಗಲೇ ಕಾಯತೊಡಗಿದ್ದವು. ಆಡಿನ ಹಿಕ್ಕೆಯ ವಾಸನೆ, ಸೀತಾಫಲದ ಪೊದೆಗಳ ಗೀರು, ಅಪ್ಪನ ಏದುಸಿರು. ಒಂದು ದೊಡ್ಡ ಗುಂಡುಕಲ್ಲನ್ನು ಸುತ್ತಿ ಮೇಲೆ ಹೋಗಿ ನಾನು ತಿರುಗಿ ನೋಡಿದೆ. ಅಕ್ಕ ಇರಲಿಲ್ಲ.

ಅಪ್ಪನ ಧೋತರ ಹಿಡಿದು ಜಗ್ಗಿದೆ. ಇಬ್ಬರೂ ಕೆಳಗಿಳಿದು ಹುಡುಕಿದೆವು. ಅಪ್ಪ ಪಿಸುದನಿಯಲ್ಲಿ ಅವಳ ಹೆಸರು ಕರೆಯುತ್ತಿದ್ದ. ಆಮೇಲೆ ಒಂದು ಬಂಡೆಯ ಮೇಲೆ ನಿಂತ. ಅವನ ಬಾಯಿ ತೆರೆದು ಮುಚ್ಚಿತು, ಮತ್ತೆ ತೆರೆಯಿತು. ಕಡೆಗೆ ಗುಡ್ಡವೆಲ್ಲ ನಡುಗುವಂತೆ ಮಗಳನ್ನು ಕರೆದು ಒದರಿದ: “ಯವ್ವಾ, ಎಲ್ಲಿದ್ದೀ?”

ಬಂಡೆಗಳು ಅದನ್ನೇ ಮರಳಿ ಒದರಿದವು. ಅದು ಅಡಗಿದ ಮೇಲೆ ಟಣ್ ಎಂದು ಕೇಳಿತು. ಮತ್ತೆ ಟಣ್. ಅಕ್ಕ ತಂಬಿಗೆಯನ್ನು ಕಲ್ಲಿಗೆ ಬಡಿಯುತ್ತಿದ್ದಳು. ಎರಡು ಗುಂಡುಕಲ್ಲುಗಳ ನಡುವಿನ ಸೀಳಿನಲ್ಲಿ ಕೈಗೆಟುಕದಷ್ಟು ಕೆಳಗೆ ಜಾರಿ ಸೊಂಟದತನಕ ಸಿಕ್ಕಿಕೊಂಡಿದ್ದಳು. ಕೆಳಗೆ ಬರೀ ಕತ್ತಲೆ, ಕಾಲಿಗೆ ಏನೂ ಸಿಗುತ್ತಿರಲಿಲ್ಲ. ಕಣ್ಣು ಅಗಲವಾಗಿದ್ದವು, ತುಟಿ ಬಿಗಿದಿದ್ದವು. ಚಳಿಜ್ವರ ಸೊಳ್ಳೆಯಿಂದ ಬರುತ್ತದೆಂದು ನಾನು ಮುಂದೆ ಕಾಲೇಜಿನಲ್ಲಿ ಓದಿದೆ. ಆದರೆ ಆ ಹೊತ್ತಿನಲ್ಲಿ ಅಕ್ಕ ಬಾಯಿ ಬಿಡದಿರಲಿ ಎಂದು ನಾನೂ ಬೇಡುತ್ತಿದ್ದೆ.

ಅಪ್ಪ ತಲೆಯ ರುಮಾಲು ಬಿಚ್ಚಿ ಇಳಿಬಿಟ್ಟ. ಅದು ಸಾಲಲಿಲ್ಲ. ಅಷ್ಟರಲ್ಲಿ ನಮ್ಮ ಹಿಂದೆ ಬೂಟಿನ ಸಪ್ಪಳವಾಯಿತು. ಒದರಿದ್ದು ಕೇಳಿ ಪಹರೆಯವನೊಬ್ಬ ಹತ್ತಿ ಬಂದಿದ್ದ, ಕೈಯಲ್ಲಿ ಬಂದೂಕು. ಅಪ್ಪ ಸೀಳಿನತ್ತ ಕೈ ತೋರಿಸಿದ. ಆತ ಬಗ್ಗಿ ನೋಡಿದ. ಬಂದೂಕನ್ನು ಕಲ್ಲಿನ ಮೇಲಿಟ್ಟು, ಸೊಂಟಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ರುಮಾಲಿಗೆ ಗಂಟು ಹಾಕಿದ. ಇಬ್ಬರೂ ಕೂಡಿ ಎಳೆದರು. ಅಕ್ಕನ ಮೊಣಕಾಲಿನಿಂದ ಕೆಳಗೆ ಚರ್ಮ ಸುಲಿದು ರಕ್ತ ಇಳಿಯುತ್ತಿತ್ತು. ಅವಳು ಹಾ ಎನ್ನಲಿಲ್ಲ.

ಆತ ಮತ್ತೆ ಬಂದೂಕು ಎತ್ತಿಕೊಂಡು ಅವಳ ಹೆಸರು ಕೇಳಿದ. ಅವಳು ಅಪ್ಪನತ್ತ ನೋಡಿದಳು.

“ಮೂಕೀ ಏನು ಇಕಿ?”

“ಹರಕಿ ಅದ ರೀ ಸಾಹೇಬ್ರ. ಗುಡಿ ಗಂಟಿ ಬಾರಿಸೂತನ ಮಾತಾಡಂಗಿಲ್ಲ.”

“ಹಂಗಾರ ಹಿಂದಿನ ದಾರೀಲೆ ಕಳ್ಳರಂಗ ಯಾಕ ಬಂದ್ರಿ?” ಅಪ್ಪ ರುಮಾಲಿನ ಗಂಟು ಬಿಚ್ಚತೊಡಗಿದ. “ನಡೀರಿ. ಗಂಟಿ ಬಾರಿಸ್ಲಿ. ಆಗೂ ಮಾತಾಡಲಿಲ್ಲಂದ್ರ ನೀ ನನ್ನ ಸಂಗಟ ಬರಬೇಕು.”

ಉಳಿದ ದಾರಿಯುದ್ದಕ್ಕೂ ಆ ಬೂಟುಗಳು ನನ್ನ ಬೆನ್ನ ಹಿಂದೆಯೇ ಇದ್ದವು. ಗಂಟೆ ಬಾರಿಸಿದ ಮೇಲೂ ಅಕ್ಕ ಹೆದರಿ ಮಾತಾಡದೆ ಹೋದರೆ? ಕಂಬಾರನ ಮನೆಯ ಮುಚ್ಚಿದ ಬಾಗಿಲು ನನ್ನ ಕಣ್ಣ ಮುಂದೆ ಬರುತ್ತಿತ್ತು. ಗುಡಿಯಲ್ಲಿ ಅಕ್ಕ ತುದಿಗಾಲಲ್ಲಿ ನಿಂತು ಗಂಟೆ ಬಾರಿಸಿದಳು. ಅದರ ನಾದ ನಿಂತಿತು. ಅವಳು ದೇವರಿಗೆ ಕೈಮುಗಿದಳು. ಆತ ಒಂದು ಹೆಜ್ಜೆ ಮುಂದೆ ಬಂದ.

ಆಗ ಅಕ್ಕ ಅಪ್ಪನ ಕಡೆ ತಿರುಗಿದಳು. “ನೀ ಒದರಬಾರದಿತ್ತು ಅಪ್ಪ. ಈಗ ನೋಡು, ಈ ಮನಷ್ಯಾ ಬೆನ್ನು ಹತ್ತ್ಯಾನ.”

ಆತ ಅವಳನ್ನೇ ನೋಡಿದ. ಮೀಸೆಯ ಕೆಳಗೆ ತುಟಿ ಒಂದಿಷ್ಟು ಅಲುಗಿತು. “ಮೂಕಿ ಅಲ್ಲ ಬಿಡು,” ಎಂದು ಅಪ್ಪನಿಗೆ ಹೇಳಿ ಪಾವಟಿಗೆ ಇಳಿದು ಹೋದ. ಅಪ್ಪ ಗುಡಿಯ ನೆಲದ ಮೇಲೆ ಕೂತು, ರುಮಾಲಿನ ಅಂಚು ಹರಿದು ಅಕ್ಕನ ಕಾಲಿಗೆ ಕಟ್ಟಿದ.

ಮಕ್ಕಳೇ, ನೀವೀಗ ನನ್ನ ಜೊತೆ ಸಿಂಧನೂರಿನಿಂದ ಬಸ್ಸಿನಲ್ಲಿ ಕೂತು, ಕಾಲುವೆ ನೀರಿನ ಭತ್ತದ ಗದ್ದೆಗಳನ್ನು ನೋಡುತ್ತ ಮಸ್ಕಿಗೆ ಹೋಗುತ್ತೀರಿ. ಪಾವಟಿಗೆಯ ಬುಡದಲ್ಲಿ ನಿಮ್ಮ ಹೆಸರನ್ನು ಯಾರೂ ಕೇಳುವುದಿಲ್ಲ. ಮೇಲೆ ನಿಂತು ಒಬ್ಬರ ಹೆಸರನ್ನೊಬ್ಬರು ಒದರುತ್ತೀರಿ, ಬಂಡೆಗಳು ಮರಳಿ ಒದರಿದರೆ ನಗುತ್ತೀರಿ. ಆ ದನಿ ಕೇಳಿದ ಕೂಡಲೇ ನಾನು ಕೆಳಗೆ ನೋಡುತ್ತೇನೆ, ಯಾರಾದರೂ ಹತ್ತಿ ಬರುತ್ತಿರುವರೇ ಎಂದು. ಯಾರೂ ಬರುವುದಿಲ್ಲ. ಇನ್ನೊಮ್ಮೆ ಒದರಿ ಎಂದು ಅದಕ್ಕೇ ನಿಮಗೆ ಹೇಳುವುದು, ಇನ್ನೂ ಜೋರಾಗಿ.