ಚಿನ್ನದ ಹೇಂಟೆಯ ಗುಡ್ಡೆ ಕಡಿದದ್ದು

ನಮ್ಮ ಗುಡ್ಡೆಯಲ್ಲಿ ನಿಧಿ ಸಿಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಧಿಯ ಕಥೆ ಹೇಳುವವರು ಕೊಪ್ಪರಿಗೆಯ ಮುಚ್ಚಳವನ್ನು ಕೊನೆಯ ತನಕ ತೆಗೆಯದೆ ಕೇಳುವವರನ್ನು ಕೂರಿಸಿಕೊಳ್ಳುತ್ತಾರೆ. ನನಗೆ ಅದು ಬೇಡ. ಆ ಮುಚ್ಚಳದ ಕಾವಲಿಗೆ ನಮ್ಮ ಮನೆಯ ಹೆಂಗಸರು ಸಾಕಷ್ಟು ವರ್ಷ ಕೂತಿದ್ದಾರೆ.

ಅಜ್ಜಾವರದಲ್ಲಿ ನನ್ನ ತವರುಮನೆಗೂ ಪಂಚಾಯತು ರಸ್ತೆಗೂ ನಡುವೆ ಆ ಗುಡ್ಡೆ. ದೊಡ್ಡದೇನಲ್ಲ. ಕೆಂಪು ಮುರಕಲ್ಲು, ಮುಳ್ಳಿನ ಪೊದೆ, ಒಂದಷ್ಟು ಗೇರುಮರ, ಮೇಲೊಂದು ಕಾಲುದಾರಿ. ಅದರೊಳಗೆ ಏನಿದೆ ಎಂದು ಕೇಳಿದರೆ ಎಷ್ಟು ಬಾಯಿಯೋ ಅಷ್ಟು ಉತ್ತರ. ಕೊಡಗಿನ ಕಡೆಗೆ ಓಡುತ್ತಿದ್ದ ಯಾವುದೋ ರಾಜನ ಕಡೆಯವರು ಹೂತಿಟ್ಟ ಕೊಪ್ಪರಿಗೆ ಎಂದು ಅಜ್ಜ ಹೇಳುತ್ತಿದ್ದರು. ಅಥವಾ ಅಜ್ಜ ಹಾಗೆ ಹೇಳುತ್ತಿದ್ದರು ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಕೊಪ್ಪರಿಗೆಯ ಕಾವಲಿಗೆ ಒಂದು ಚಿನ್ನದ ಹೇಂಟೆ, ಅಮಾವಾಸ್ಯೆಗೆ ಕೋಳಿಮರಿಗಳನ್ನು ಕಟ್ಟಿಕೊಂಡು ತೋಡಿಗೆ ನೀರು ಕುಡಿಯಲು ಇಳಿಯುತ್ತದಂತೆ. ಅದನ್ನು ನಾನೇ ನೋಡಿದ ನೆನಪು ನನಗಿದೆ, ಹಳದಿ ಬೆಳಕು, ಒದ್ದೆ ಮಣ್ಣಿನಲ್ಲಿ ಮೂಡಿದ ಕಾಲಿನ ಗುರುತು ಸಮೇತ. ನೆನಪು ಎಂಬುದರ ಮೇಲೆ ನನಗೆ ನಂಬಿಕೆ ಹೋದದ್ದು ಆ ಹೇಂಟೆಯಿಂದಲೇ.

ಗುಡ್ಡೆಯ ಮೇಲೆ ಉಗುಳುವಂತಿರಲಿಲ್ಲ, ಹಾರೆ ತಾಗಿಸುವಂತಿರಲಿಲ್ಲ. ಮುಟ್ಟಾದ ಹೆಂಗಸರು ಕಾಲುದಾರಿ ಬಿಟ್ಟು ತೋಡಿನ ಬದಿಯಿಂದ ಸುತ್ತಿ ಹೋಗಬೇಕಿತ್ತು. ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ನಾವು ಯಾವ ಕಡೆಯಿಂದ ಬಂದೆವು ಎಂಬುದರಲ್ಲೇ ನಮ್ಮ ಮೈಯ ಸುದ್ದಿ ಗೊತ್ತಾಗುತ್ತಿತ್ತು. ಮಳೆಗಾಲದಲ್ಲಿ ತೋಡು ತುಂಬಿದರೆ ಅವತ್ತು ಶಾಲೆ ಇಲ್ಲ. ಕೊಪ್ಪರಿಗೆಗೆ ಮೈಲಿಗೆ ಆಗಬಾರದಲ್ಲ.

ಅಜ್ಜ ಹೋದ ಮೇಲೆ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಆಸ್ತಿ ಪಾಲು ಮಾಡಿಕೊಂಡರು. ತೋಟ, ಗದ್ದೆ, ದನದ ಹಟ್ಟಿ, ಕಡೆಗೆ ಒನಕೆ ಕೂಡ ಪಾಲಾಯಿತು. ಗುಡ್ಡೆಯನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಒಬ್ಬನಿಗೆ ಕೊಟ್ಟರೆ ಕೊಪ್ಪರಿಗೆಯೂ ಅವನದೇ ಆಗಿಬಿಡುತ್ತದೆ ಎಂಬ ಹೆದರಿಕೆ. ಸಿಕ್ಕಿದ ದಿನ ಎಲ್ಲರಿಗೂ ಸಮ ಎಂದು ಬಾಯಿಮಾತಿನಲ್ಲಿ ಬಿಟ್ಟರು. ಹೆಣ್ಣುಮಕ್ಕಳಾದ ನಾವು ಒಂದೊಂದು ರೇಷ್ಮೆ ಸೀರೆ ತೆಗೆದುಕೊಂಡು, ಪಾಲಾದ ಆಸ್ತಿಯಲ್ಲಿ ನಮಗೆ ಹಕ್ಕಿಲ್ಲ ಎಂದು ಸಹಿ ಹಾಕಿ ಗಂಡಂದಿರ ಮನೆಗೆ ಹಿಂದಿರುಗಿದೆವು. ನನ್ನದು ಪುತ್ತೂರು.

ದೊಡ್ಡಪ್ಪ, ಅಪ್ಪ ಇಬ್ಬರೂ ಈಗ ಇಲ್ಲ. ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡಮ್ಮ, ಹಳೆಯ ಮನೆಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಹಾಲಿನ ಕ್ಯಾನು ಹಿಡಿದು ದಿನಾ ಸೊಸೈಟಿಗೆ ನಡೆಯುತ್ತಿದ್ದ, ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಕೆಣಕಿಯೇ ಮುಂದೆ ಹೋಗುತ್ತಿದ್ದ ಹೆಂಗಸು. ಈಚೆಗೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಸುಳ್ಯದ ಆಸ್ಪತ್ರೆಯಲ್ಲಿ ಸ್ಟೀಲು ಕೂರಿಸಿದರು. ಮನೆಗೆ ಬರುವಾಗ ರಿಕ್ಷಾ ಗುಡ್ಡೆಯ ಆಚೆಗೇ ನಿಂತಿತು. ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಕಟ್ಟಿ ಅವರನ್ನು ಹೊತ್ತುಕೊಂಡು ಬಂದರು. ಇಳಿಜಾರಿನಲ್ಲಿ ಒಬ್ಬನ ಕಾಲು ಜಾರಿ ಕುರ್ಚಿ ವಾಲಿತು. ದೊಡ್ಡಮ್ಮ ಬೀಳಲಿಲ್ಲ. ಆದರೆ ಅವತ್ತಿನಿಂದ ಕುರ್ಚಿ ಹತ್ತಲು ಒಪ್ಪಲಿಲ್ಲ. ವಾರವಾರ ಬಂದು ವ್ಯಾಯಾಮ ಮಾಡದಿದ್ದರೆ ಮತ್ತೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರೂ ಒಪ್ಪಲಿಲ್ಲ.

"ಹೊತ್ತುಕೊಂಡು ಹೋಗುದು ದೇವರನ್ನು, ಇಲ್ಲದ್ರೆ ಹೆಣವನ್ನು. ನಾನು ಎರಡೂ ಅಲ್ಲ. ರಿಕ್ಷಾ ಜಗಲಿ ಹತ್ರ ಬರ್ಲಿ, ಹತ್ತಿ ಕೂತ್ಕೊಳ್ತೇನೆ."

ರಿಕ್ಷಾ ಜಗಲಿಯ ಹತ್ತಿರ ಬರಬೇಕಾದರೆ ಗುಡ್ಡೆ ಕಡಿಯಬೇಕು. ದೊಡ್ಡಮ್ಮನ ಮಗ, ನನಗೆ ಅಣ್ಣ, ಚಿಕ್ಕಪ್ಪನ ಎದುರು ಬಾಯಿ ತೆರೆಯುವವನಲ್ಲ. ನಾನೇ ಹೋದೆ.

"ಪ್ರಶ್ನೆ ಇಡದೆ ಅದಕ್ಕೆ ಕೈ ಹಾಕ್ಲಿಕ್ಕೆ ಇಲ್ಲ," ಎಂದರು ಚಿಕ್ಕಪ್ಪ. ಜೋಯಿಸರನ್ನು ಕರೆಸಿ ಕವಡೆ ಹಾಕಿಸಬೇಕು ಎಂದು ಅರ್ಥ. ಮತ್ತೆ ಸ್ವರ ಎತ್ತರಿಸಿದರು. "ಅದೂ ಅಲ್ಲದೆ ನೀನು ಕೊಟ್ಟ ಹೆಣ್ಣು. ಇಲ್ಲಿ ನಿನ್ನದು ಎಂತ ಉಂಟು?"

"ಗುಡ್ಡೆ ಉಂಟು."

"ಎಂತ?"

"ನೀವು ಪಾಲು ಮಾಡಿದ್ದಕ್ಕೆಲ್ಲ ನಾನು ಸಹಿ ಹಾಕಿದ್ದೇನೆ ಚಿಕ್ಕಪ್ಪ. ಗುಡ್ಡೆಯನ್ನು ನೀವು ಪಾಲೇ ಮಾಡ್ಲಿಲ್ಲ. ಅಪ್ಪನದ್ದು ಅದರಲ್ಲಿ ಹಾಗೇ ಉಂಟು. ಅಪ್ಪನದ್ದು ಅಂದ್ರೆ ನನ್ನದೂ ಹೌದು. ದೊಡ್ಡಪ್ಪನದ್ದು ದೊಡ್ಡಮ್ಮನಿಗೂ ಉಂಟು."

ಈ ಮಾತು ನನಗೆ ಆ ಕ್ಷಣದಲ್ಲಿ ಹೊಳೆಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಇಲ್ಲ, ಪುತ್ತೂರಿನ ಒಬ್ಬ ವಕೀಲರ ಹತ್ತಿರ ಕೇಳಿಕೊಂಡೇ ಬಸ್ಸು ಹತ್ತಿದ್ದೆ. ಇಷ್ಟು ವರ್ಷ ನಮ್ಮನ್ನು ತೋಡಿನ ಬದಿಗೆ ಅಟ್ಟಿದ ಆ ಹೇಂಟೆ, ತನಗೆ ಗೊತ್ತಿಲ್ಲದೆ ನಮ್ಮ ಹೆಸರಿಗೂ ಒಂದಿಷ್ಟು ಮಣ್ಣನ್ನು ಕಾದಿಟ್ಟಿತ್ತು.

ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚಿದರು. "ಹಾಗಾದ್ರೆ ಮೊದಲು ಒಳಗೆ ಇದ್ದದ್ದನ್ನು ತೆಗೆಯುವ," ಎಂದರು. "ಆಮೇಲೆ ರಸ್ತೆ. ಜೆಸಿಬಿಯವನ ಬಕೆಟಿನಲ್ಲಿ ಹೋಗುದು ಬೇಡ." ಒಂದು ಹಾರೆಯೂ ತಾಗಬಾರದು ಎಂದವರು, ಎಲೆ ಮಡಚಿ ಬಾಯಿಗಿಡುವಷ್ಟರಲ್ಲಿ ನಿಧಿ ಹುಡುಕುವವರಾಗಿಬಿಟ್ಟಿದ್ದರು. ಕವಡೆಯ ಸುದ್ದಿ ಮತ್ತೆ ಬರಲಿಲ್ಲ.

ಅವರ ಮಗ ಆನ್‌ಲೈನಿನಲ್ಲಿ ಒಂದು ಮೆಷಿನು ತರಿಸಿದ. ಉದ್ದ ಕೋಲಿನ ತುದಿಗೆ ದೋಸೆಕಾವಲಿಯಂಥ ಬಿಲ್ಲೆ, ಲೋಹ ಸಿಕ್ಕಿದರೆ ಕೂಗುತ್ತದೆ. ಒಂದು ಆದಿತ್ಯವಾರ ಬೆಳಿಗ್ಗೆ ಮನೆಯವರೆಲ್ಲ ಗುಡ್ಡೆ ಹತ್ತಿದೆವು. ಮೆಷಿನು ಕೂಗಿತು. ಅವನು ಅಲ್ಲಿ ಗೂಟ ನೆಟ್ಟ. ಒಂದು ಹೆಜ್ಜೆ ಮುಂದೆ ಇಟ್ಟರೆ ಅಲ್ಲಿಯೂ ಕೂಗಿತು. ಗೂಟ ಮುಗಿಯಿತು, ಕೂಗು ಮುಗಿಯಲಿಲ್ಲ.

"ಇಡೀ ಗುಡ್ಡೆಯೇ ಚಿನ್ನ ಮಾರಾಯ್ರೆ!" ಎಂದ ಅವನು.

ನಗುತ್ತಿದ್ದ ಅಣ್ಣನೂ ಆಗ ನಗು ನಿಲ್ಲಿಸಿದ. ಹೋಗಿ ಒಂದು ಗೂಟದ ಪಕ್ಕ ನಿಂತ. ಸುಮ್ಮನೆ ನಿಂತದ್ದು ಎಂದು ಈಗ ಹೇಳುತ್ತಾನೆ. ನಾನೂ ಒಂದರ ಪಕ್ಕ ನಿಂತಿದ್ದೆನೋ ಏನೋ, ನನ್ನ ನೆನಪು ಆ ಜಾಗವನ್ನು ಬಹಳ ಜಾಣತನದಿಂದ ಉಜ್ಜಿಹಾಕಿದೆ.

ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಇರುತ್ತದೆ ಎಂದು ಶಾಲೆಯಲ್ಲಿ ಓದಿದ್ದು ಯಾವಾಗಲೋ ನೆನಪಾಯಿತು. ಮೆಷಿನು ಕಿತ್ತುಕೊಂಡು ಇಳಿದು ಬಂದು ಅಂಗಳದ ಕಟ್ಟೆಗೆ ಹಿಡಿದೆ. ಕೂಗಿತು. ಹಟ್ಟಿಯ ಗೋಡೆಗೆ ಹಿಡಿದೆ. ಕೂಗಿತು. ಎರಡೂ ಮುರಕಲ್ಲಿನವು. ಜಗಲಿಯಲ್ಲಿ ಕೂತಿದ್ದ ದೊಡ್ಡಮ್ಮನ ಹತ್ತಿರ ಬಂದಾಗ ಅದು ಅವತ್ತು ಎಲ್ಲಿಯೂ ಕೂಗದಷ್ಟು ಜೋರಾಗಿ ಕೂಗಿತು.

ದೊಡ್ಡಮ್ಮ ತನ್ನ ಸೊಂಟ ನೋಡಿಕೊಂಡರು. "ಓ, ನಿಧಿ ಇಲ್ಲಿ ಉಂಟಲ್ಲ! ಅಗೆಯಿರಿ ಮತ್ತೆ. ಎಂತ ಮುಖ ನೋಡುದು? ಸಮಪಾಲು ಮಾಡಿ."

ಎಲ್ಲರೂ ನಕ್ಕರು, ಅಲ್ಲಿಗೆ ಜಗಳ ಕರಗಿತು ಎಂದು ನನ್ನ ನೆನಪು ಹೇಳಲು ನೋಡುತ್ತದೆ. ಸುಳ್ಳು. ಚಿಕ್ಕಪ್ಪ ನಗಲಿಲ್ಲ. "ಅತ್ತಿಗೆಯ ಸೊಂಟ ಕೂಗಿತು ಅಂತ ಗುಡ್ಡೆ ಕೂಗಿದ್ದು ಸುಳ್ಳಾಗುದಿಲ್ಲ," ಎಂದರು.

ಆ ತರ್ಕಕ್ಕೆ ಉತ್ತರ ದೊಡ್ಡಮ್ಮನಲ್ಲಿ ಇತ್ತು. "ಆಗ್ಲಿ. ಸಿಕ್ಕಿದ್ರೆ ಸರ್ಕಾರಕ್ಕೆ ಕೊಡ್ಬೇಕಲ್ವಾ?"

"ಕೊಡ್ಬೇಕು."

"ಸಿಕ್ಕದಿದ್ರೆ?"

"ಸಿಕ್ಕದಿದ್ರೆ ಇಲ್ಲ."

"ಎರಡರಲ್ಲೂ ನಿನಗೆ ಎಂತ ಸಿಗ್ತದೆ ಮಾರಾಯ? ನನಗೆ ರಸ್ತೆಯಾದ್ರೂ ಸಿಗ್ತದೆ. ನಾಳೆ ಜೆಸಿಬಿ ಬರ್ತದೆ. ನಾನು ಹೇಳಿದ್ದು ಅಂತ ಹೇಳು ಎಲ್ಲರ ಹತ್ರ. ಕೊಪ್ಪರಿಗೆಗೆ ಸಿಟ್ಟು ಬಂದ್ರೆ ನನ್ನ ಮೇಲೆ ಬರ್ಲಿ. ಸೊಂಟ ಮುರಿದಾಗಿದೆ, ಇನ್ನು ಎಂತ ಮುರಿತದೆ ಅದು?"

ಜೆಸಿಬಿ ಬಂದದ್ದು ಮರುದಿನವಲ್ಲ. ಬರುತ್ತೇನೆ ಎಂದ ದಿನ ಅದು ಎಲ್ಲಿ ಬರುತ್ತದೆ? ಬಂದ ದಿನ ಚಿಕ್ಕಪ್ಪ ತೆಂಗಿನಕಾಯಿ ಒಡೆದು, ಬಕೆಟಿನ ಹತ್ತಿರವೇ ನಿಂತರು. ಮಣ್ಣು ಸುರಿದಾಗಲೆಲ್ಲ ಅವರ ಮಗ ಮೆಷಿನು ಆಡಿಸಿದ, ಬ್ಯಾಟರಿ ಸಾಯುವ ತನಕ. ಡ್ರೈವರ್ ತಾಳ್ಮೆಗೆಟ್ಟು ತಲೆ ಹೊರಗೆ ಹಾಕಿದ. "ಅಣ್ಣಾ, ನಾನು ರಸ್ತೆ ಮಾಡುದಾ, ನಿಮಗೆ ಮಣ್ಣು ಜಾಲಿಸಿ ಕೊಡುದಾ?"

ಸಿಕ್ಕಿದ್ದು ಒಂದು ಕಪ್ಪು ಚೂರು. ಮಡಕೆಯದ್ದು ಎಂದು ಚಿಕ್ಕಪ್ಪ. ಹಳೆಯ ಹೆಂಚಿನದ್ದು ಎಂದು ಅಣ್ಣ. ಅದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಆದರೂ ಹೇಳಲಾರೆ. ಚಿಕ್ಕಪ್ಪ ಚೂರನ್ನು ಹೆಗಲಿನ ಬೈರಾಸಿನಲ್ಲಿ ಕಟ್ಟಿಕೊಂಡು ಹೋದರು. ನಾವು ಕಡಿದದ್ದು ನಡುವಿನ ಪಟ್ಟಿಯನ್ನು ಮಾತ್ರ. ಹೇಂಟೆ ಮರಿಗಳನ್ನು ಕರೆದುಕೊಂಡು ಎಡಬದಿಗೆ ಸರಿದಿದೆ ಎಂಬುದು ಈಗ ಅವರ ಲೆಕ್ಕ. ಸರಿಯಲಿ. ಅಲ್ಲಿಯೂ ನನ್ನ ಪಾಲು ಇದೆ.

ಮಣ್ಣು ಗಟ್ಟಿಯಾದ ಮೇಲೆ ರಿಕ್ಷಾ ಜಗಲಿಯ ತನಕ ಬಂತು. ದೊಡ್ಡಮ್ಮ ವಾಕರ್ ಹಿಡಿದು, ಯಾರ ಕೈಯನ್ನೂ ಮುಟ್ಟದೆ, ಬೈಯುತ್ತಾ ಬೈಯುತ್ತಾ ಹತ್ತಿದರು. ನಾನು ಪಕ್ಕದಲ್ಲಿ ಕೂತೆ. ಚಿಕ್ಕಪ್ಪನ ಮಗ ಮುಂದೆ, ಡ್ರೈವರನ ಜೊತೆ. ಗುಡ್ಡೆಯ ನಡುವಿಗೆ ಬಂದಾಗ, ಎರಡೂ ಕಡೆ ಕಡಿದ ಕೆಂಪು ಮಣ್ಣಿನ ಗೋಡೆ, ದೊಡ್ಡಮ್ಮ "ನಿಲ್ಸು" ಎಂದರು.

ರಿಕ್ಷಾ ನಿಂತಿತು. ಬಾಯಲ್ಲಿ ಎಲೆಯಡಿಕೆ ಇತ್ತು. ಮದುವೆಯಾಗಿ ಬಂದಾಗಿನಿಂದ ಅವರು ಮುಟ್ಟಾದಾಗಲೆಲ್ಲ ಸುತ್ತಿ ನಡೆದ ಜಾಗ. ತಲೆ ಹೊರಗೆ ಹಾಕಿ, ಎಡಬದಿಯ ಮಣ್ಣಿಗೆ ಸರಿಯಾಗಿ ಗುರಿಯಿಟ್ಟು, ಉಗುಳಿದರು.

"ಹೋಗುವ," ಎಂದರು. "ಡಾಕ್ಟರು ಕಾಯ್ತಾರೆ."

ದೊಡ್ಡಮ್ಮ ಈಗ ಕೋಲು ಹಿಡಿದು ಆ ದಾರಿಯಲ್ಲೇ ರಸ್ತೆಯ ತನಕ ನಡೆಯುತ್ತಾರೆ. ಚಿಕ್ಕಪ್ಪನ ಮಗ ಮಾತ್ರ, ಅವತ್ತು ದೊಡ್ಡಮ್ಮ ಕೆಮ್ಮಿದ್ದು ಅಷ್ಟೆ, ಗುಡ್ಡೆಗೆ ಯಾರೂ ತುಪ್ಪಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬರುತ್ತಾನೆ. ನನ್ನ ನೆನಪನ್ನು ನಾನೇ ನಂಬುವುದಿಲ್ಲ, ನಿಜ. ಆದರೆ ಎಡಬದಿಗೆ ಕೂತಿದ್ದವಳು ನಾನು, ದೊಡ್ಡಮ್ಮ ಬಗ್ಗಿದ್ದು ನನ್ನ ಮೇಲಿನಿಂದ. ನನ್ನ ಚೂಡಿದಾರದ ತೋಳಿಗೆ ಬಿದ್ದ ಕೆಂಪು ಎಷ್ಟು ಒಗೆದರೂ ಹೋಗಿಲ್ಲ. ಬೇಕಾದವರು ಬಂದು ನೋಡಲಿ.