ಟ್ಯಾಂಕಿನ ಬಾಯಿ, ಟ್ಯಾಂಕಣ್ಣನ ಹೊಟ್ಟೆ

ಊರಿನ ಕಟ್ಟಡಗಳ ತಾರಸಿ ಹತ್ತಿ, ನೀರಿನ ಟ್ಯಾಂಕಿನೊಳಗೆ ಇಳಿದು, ಪಾಚಿ ಕೆಸರುಗಳ ಸೈನ್ಯವನ್ನು ಒಂದೇ ಒಂದು ಬ್ರಷ್ಷಿನಿಂದ ಸದೆಬಡಿದು ಬರುವ ವೀರನಿಗೆ ಜನ ಇಟ್ಟ ಹೆಸರು ಟ್ಯಾಂಕಣ್ಣ. ಮೀಸೆ ಮೂಡಿದಾಗಿನಿಂದ ಅವನಿಗೆ ಅದೇ ಕಸುಬು. ಹೆಂಡತಿಯ ತಮ್ಮ, ಎಲ್ಲರ ಬಾಯಲ್ಲೂ ಕಡ್ಡಿ ಎನಿಸಿಕೊಂಡ ಒಣಕಲು ಆಸಾಮಿ, ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದ, ಕೆಸರಿನ ಬಕೆಟ್ಟು ಎಳೆಯುತ್ತಿದ್ದ, ನಡುವೆ ಉಸಿರು ಕೂಡ ಬಿಡದೆ ಮಾತಾಡುತ್ತಿದ್ದ. ಒಳಗಿದ್ದವನಿಗೆ ಅದರಲ್ಲಿ ಕಾಲುಭಾಗವೂ ಕೇಳಿಸುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಗೋಡೆಯಾಚೆ ಪಕ್ಕದವರ ಜಗಳ, ಬೀದಿ ತುಂಬ ಹಾರನ್ನು. ತಂಪು, ಕತ್ತಲು, ಮೌನ ಮೂರೂ ಒಟ್ಟಿಗೆ ಸಿಗುವ ಅರಮನೆ ಎಂದರೆ ಟ್ಯಾಂಕಣ್ಣನಿಗೆ ಟ್ಯಾಂಕಿನ ಒಳಗೊಂದೇ.

ಆ ಅರಮನೆಯ ಬಾಗಿಲು ಒಂದು ಬೆಳಿಗ್ಗೆ ಮುಚ್ಚಿಹೋಯಿತು. ಟಾಕೀಸಿನ ತಾರಸಿಯ ಮೇಲೆ ಟ್ಯಾಂಕಿನ ಮುಚ್ಚಳ ಸರಿಸಿ ಇಳಿದರೆ, ಕಾಲು ಹೋಯಿತು, ತೊಡೆ ಹೋಯಿತು, ಹೊಟ್ಟೆ ಮಾತ್ರ ಬಾಟಲಿಗೆ ಬಿಗಿದ ಬಿರಡೆಯ ಹಾಗೆ ಬಾಯಲ್ಲೇ ಕೂತುಬಿಟ್ಟಿತು.

“ಭಾವ, ಉಸಿರು ಬಿಡಿ!”

“ಬಿಟ್ಟಾಯ್ತು ಕಣೋ. ಇನ್ನು ಬಿಡೋಕೆ ಪ್ರಾಣ ಒಂದೇ ಉಳಿದಿರೋದು.”

ಸೋಪಿನ ನೀರು ಸುರಿದು, ಕಂಕುಳಿಗೆ ಕೈಕೊಟ್ಟು, ಕಡ್ಡಿ ಅವನನ್ನು ಹೊರಗೆಳೆದ. ಆಮೇಲೆ ತಾನೇ ಹಾವಿನಂತೆ ಒಳಗೆ ಜಾರಿದ. ಟ್ಯಾಂಕಣ್ಣ ಬಿಸಿಲಲ್ಲಿ ಹಗ್ಗ ಹಿಡಿದು ನಿಂತ.

“ಇನ್ಮೇಲೆ ನಾನೇ ಇಳೀತೀನಿ ಬಿಡಿ ಭಾವ. ನೀವು ಮೇಲಿರಿ, ಗಾಳಿ ಬರುತ್ತೆ.”

“ಶಾಲೆಗೆ ರಜೆ ಬರಲಿ. ಆಗ ಅಲ್ಲಿನ ಟ್ಯಾಂಕು ತೊಳೆಯೋದಿದೆ, ಅದಕ್ಕೂ ಇದೇ ಅಳತೆ ಬಾಯಿ. ಅದಕ್ಕೆ ನಾನು ಇಳೀದೇ ಹೋದ್ರೆ ಸಾಯೋತನಕ ಹಗ್ಗ ಹಿಡೀತೀನಿ, ಸರೀನಾ?”

ಬಾಯಿ ತಪ್ಪಿ ಬಂದ ಮಾತು ಶಪಥವಾಯಿತು.

ದವಾಖಾನೆಯ ನರ್ಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: “ಕರಿದದ್ದು, ಸಿಹಿ ಎರಡನ್ನೂ ಕಮ್ಮಿ ಮಾಡಿ. ತಟ್ಟೆಯ ಅರ್ಧ ತರಕಾರಿ ಇರಲಿ. ಸೌತೆ, ಸೋರೆ, ಹೀರೆ, ಎಲೆಕೋಸು, ಸೊಪ್ಪು. ಅವುಗಳಲ್ಲಿ ನೀರು, ನಾರು ಜಾಸ್ತಿ. ಹೊಟ್ಟೆ ತುಂಬುತ್ತೆ, ಮೈಗೆ ಹತ್ತೋದು ಕಮ್ಮಿ. ಎಣ್ಣೇಲಿ ಈಜಾಡಿಸಿ ತಿಂದು, ತರಕಾರಿನೇ ತಿಂದೆ ಅಂತ ನನ್ನ ಹತ್ರ ಬರಬೇಡಿ ಮತ್ತೆ.”

ದಂಡಯಾತ್ರೆ ಶುರುವಾಯಿತು. ಸೋರೆಕಾಯಿ ಬೆಂದಿತು, ಎಲೆಕೋಸು ಬೆಂದಿತು, ಹೀರೆಕಾಯಿ ಬೆಂದಿತು. ಬೆಂದ ಮೇಲೆ ಯಾವುದು ಯಾವುದೆಂದು ಗುರುತು ಹಿಡಿಯಲು ಟ್ಯಾಂಕಣ್ಣನ ನಾಲಿಗೆ ಸೋತಿತು. ಸೌತೆಕಾಯಿ ಒಂದೇ ಬೇಯುವ ಗತಿ ತಪ್ಪಿಸಿಕೊಂಡು ಮಾನ ಉಳಿಸಿಕೊಂಡಿತು. ಎದುರಿಗೆ ಕೂತ ಕಡ್ಡಿ ಕರಿದದ್ದನ್ನು ಕರಂಕರಂ ಅಗಿದು, “ವಾಸನೆಗೆ ದಪ್ಪ ಆಗಲ್ಲ ಭಾವ, ಮೂಸಿ ನೋಡಿ” ಎನ್ನುವನು. ಅವನ ಅಕ್ಕ ಸೌಟು ಎತ್ತಿದರೆ ಮಾತ್ರ ಬಾಯಿ ಮುಚ್ಚುವನು.

ತೂಕದ ಯಂತ್ರವನ್ನು ಟ್ಯಾಂಕಣ್ಣ ನಂಬಲಿಲ್ಲ. “ಟ್ಯಾಂಕಿನ ಬಾಯಿ ತೂಕ ಕೇಳುತ್ತಾ?” ಎಂದು ಕಮ್ಮಾರನಿಂದ ಅದೇ ಅಳತೆಯ ಕಬ್ಬಿಣದ ಬಳೆಯೊಂದನ್ನು ಮಾಡಿಸಿ ತಂದ. ಸಂಜೆಯ ಊಟ ಮುಗಿದೊಡನೆ ಕೈ ಮೇಲೆತ್ತಿ ನಿಲ್ಲುವನು. ಹೆಂಡತಿ ಸ್ಟೂಲು ಹತ್ತಿ, ಪಟ್ಟಾಭಿಷೇಕ ಮಾಡುವವಳಂತೆ ಬಳೆಯನ್ನು ತಲೆಯಿಂದ ಇಳಿಸುವಳು. ಅದು ಎದೆ ದಾಟಿ, ಹೊಟ್ಟೆಯ ಮೇಲೆ ಬಂದು ನಿಲ್ಲುವುದು. ನಿನ್ನೆಯೂ ಅಲ್ಲೇ, ಇವತ್ತೂ ಅಲ್ಲೇ.

ಮುಖ ಇಳಿಯಿತು, ಕುತ್ತಿಗೆ ಇಳಿಯಿತು, ಪ್ಯಾಂಟು ಬೆಲ್ಟಿನ ದಯೆಯಿಂದ ನಿಂತಿತ್ತು. ಬಳೆಗೆ ಮಾತ್ರ ಕನಿಕರವಿಲ್ಲ. ಶಾಲೆಗೆ ರಜೆಯೂ ಬಂತು. ನಾಳೆ ಟ್ಯಾಂಕು ತೊಳೆಯುವುದು ಎನ್ನುವ ಸಂಜೆ ಟ್ಯಾಂಕಣ್ಣ ಬಳೆಯೊಳಗೇ ಕುರ್ಚಿಯ ಮೇಲೆ ಕುಸಿದ.

“ಸಾಕಾಯ್ತು ಕಣೇ. ಹಗ್ಗಾನೇ ಹಿಡೀತೀನಿ. ಅವನ ಮಾತು ಕೇಳ್ತಾ ಬಿಸಿಲಲ್ಲಿ ಒಣಗ್ತೀನಿ.”

ಸೂಜಿಗೆ ದಾರ ಪೋಣಿಸುತ್ತಿದ್ದ ಹೆಂಡತಿ ತಲೆಯೆತ್ತಿದಳು. “ಅಲ್ಲಾ ರೀ, ಊಟ ಆದ ಮೇಲೇ ಯಾಕೆ ಅಳೀಬೇಕು?”

“ಮತ್ತೆ? ಟ್ಯಾಂಕನ್ನ ಪರೀಕ್ಷೆ ಮಾಡೋದು ಕಂಠಮಟ್ಟ ತುಂಬಿಸೇ. ಸೋರಿಕೆ ಗೊತ್ತಾಗೋದು ಆವಾಗ್ಲೇ. ಅರ್ಧ ತುಂಬಿಸಿ ನೋಡೋನು ಮೋಸಗಾರ.”

“ಅಯ್ಯೋ ನನ್ನ ಪುಣ್ಯಾತ್ಮ! ನಿಮ್ಮಲ್ಲಿ ಸೋರಿಕೆ ಹುಡುಕ್ತಿದೀವಾ? ತಟ್ಟೆ ತುಂಬ ಎಲೆಕೋಸು ತಿಂದು, ಮೇಲೆ ಚೊಂಬು ನೀರು ಕುಡಿದು ನಿಂತ್ರೆ ಈ ಬಳೆ ಕಡ್ಡಿಗೂ ಇಳಿಯಲ್ಲ. ತುಂಬಿದ ಟ್ಯಾಂಕಿಗೆ ಇಳಿದು ಯಾವತ್ತಾದ್ರೂ ಪಾಚಿ ಉಜ್ಜಿದೀರಾ?”

ಟ್ಯಾಂಕಣ್ಣ ಬಾಯಿ ತೆರೆದ. ಎಲೆಕೋಸಿನ ತೇಗು ಹೊರಟಿತು.

ಮರುದಿನ ಬೆಳಿಗ್ಗೆ ಟ್ಯಾಂಕಣ್ಣ ಖಾಲಿ ಹೊಟ್ಟೆಯಲ್ಲೇ ಕಡ್ಡಿಯ ಜೊತೆ ಶಾಲೆಯ ತಾರಸಿ ಹತ್ತಿದ. ಟ್ಯಾಂಕು ಬರಿದಾಗಿತ್ತು, ಅವನೂ ಬರಿದಾಗಿದ್ದ. ಕಡ್ಡಿ ಸೋಪಿನ ನೀರು ಕಲಸಿಟ್ಟುಕೊಂಡೇ ಬಂದಿದ್ದ. ಕಾಲು ಹೋಯಿತು, ತೊಡೆ ಹೋಯಿತು. ಹೊಟ್ಟೆ ಅಂಚಿಗೆ ತಾಗಿ ಅರೆಕ್ಷಣ ತಡೆಯಿತು; ಟ್ಯಾಂಕಣ್ಣ ಕಣ್ಣು ಮುಚ್ಚಿದ. ಸಿಮೆಂಟು ಹೊಕ್ಕುಳನ್ನು ಒಂದಿಷ್ಟು ತರಚಿ ಬಿಟ್ಟುಕೊಟ್ಟಿತು. ಏಣಿಯ ಮೆಟ್ಟಿಲು ಪಾದಕ್ಕೆ ಸಿಕ್ಕಿತು.

ಕೆಳಗೆ ಅದೇ ತಂಪು. ಗೆದ್ದವನು ಜಯಘೋಷ ಮಾಡಬೇಕಿತ್ತು, ಆದರೆ ಅವನಿಗೆ ಕೂಗುವ ತ್ರಾಣವಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೆಸರಿನಲ್ಲೇ ಕುಕ್ಕರಿಸಿದ. ಕಸುಬು ಉಳಿಯಿತು ಎಂದು ಎದೆ ಹಗುರಾಗುತ್ತಿದ್ದಂತೆ ಇನ್ನೊಂದು ಸತ್ಯವೂ ಕತ್ತಲಲ್ಲಿ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಿತು: ಈ ಬಾಯಿ ಎಂದೂ ಅಗಲವಾಗುವುದಿಲ್ಲ.

“ಭಾವ, ಗೆದ್ರಿ ಬಿಡಿ!” ಮೇಲಿಂದ ಕಡ್ಡಿಯ ದನಿ ಬಂತು. “ಅಕ್ಕಂಗೆ ಫೋನ್ ಮಾಡ್ಲಾ? ಮಧ್ಯಾಹ್ನಕ್ಕೆ ಏನಾದ್ರೂ ಎಣ್ಣೇಲಿ ಕರಿಯೋಕೆ ಹೇಳ್ಲಾ?”

ಟ್ಯಾಂಕಣ್ಣ ತರಚಿದ ಹೊಕ್ಕುಳನ್ನು ಸವರಿಕೊಂಡ.

“ಸೋರೆಕಾಯಿ ಅಂತ ಹೇಳು,” ಎಂದು ನಿಟ್ಟುಸಿರು ಬಿಟ್ಟು ಬ್ರಷ್ಷು ಎತ್ತಿಕೊಂಡ. “ಒಂಚೂರು ಖಾರ ಜಾಸ್ತಿ ಹಾಕಲಿ.”