ಚರ್ಚಿನ ಅಂಗಳದ ಮೆಕ್ಕೆಜೋಳ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂವತ್ತು ವರ್ಷಕ್ಕೂ ಮೇಲೆ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದೆ, ಸಿಟ್ಟು ಮಾತ್ರ ನಿವೃತ್ತಿ ತೆಗೆದುಕೊಳ್ಳಲಿಲ್ಲ. ಊರಿನವರು ಈಗಲೂ ನನ್ನನ್ನು ಶಾಲೆಯಲ್ಲಿ ಕರೆದಂತೆ ಅಕ್ಕಾರ ಎಂದೇ ಕರೆಯುತ್ತಾರೆ. ನಾನು ಎದುರಿಗೆ ಬಂದರೆ ದೊಡ್ಡ ಗಂಡಸರೂ ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಕೊಳ್ಳುತ್ತಾರೆ, ಏಕೆಂದರೆ ಅವರಲ್ಲಿ ಅರ್ಧ ಜನ ನನ್ನ ಕೈಯಲ್ಲಿ ಏಟು ತಿಂದವರು.

ನಮ್ಮೂರು ಹರಪನಹಳ್ಳಿಯಿಂದ ತೆಲಿಗಿ ಕಡೆಗೆ ಹೋಗುವ ಬಸ್ಸಿನ ದಾರಿಯಲ್ಲಿದೆ. ಇಲ್ಲಿ ನಮ್ಮವು ಹದಿನಾಲ್ಕು ಕ್ರೈಸ್ತ ಮನೆಗಳು. ತಗಡು ಹೊದಿಸಿದ ಚಿಕ್ಕ ಚರ್ಚು, ಅದರ ಮುಂದೆ ರಸ್ತೆಗಿಂತ ಎರಡು ಅಡಿ ಎತ್ತರದ ಸಿಮೆಂಟಿನ ಅಂಗಳ. ಅಷ್ಟು ಅಗಲವಾದ ಗಟ್ಟಿ ನೆಲ ಊರಿನಲ್ಲಿ ಇನ್ನೊಂದಿಲ್ಲ. ಹಾಗಾಗಿ ಮೆಕ್ಕೆಜೋಳ ಒಕ್ಕಿದ ಮೇಲೆ ಒಣಗಿಸಲು ಎಲ್ಲರ ಕಣ್ಣೂ ಅದರ ಮೇಲೆಯೇ. ಚರ್ಚಿನ ಪಕ್ಕದ ಮನೆಯಾಕೆ ಮಾತ್ರ ಕೇಳುವುದೇ ಇಲ್ಲ, ನೇರ ತಂದು ಹರವಿಬಿಡುತ್ತಾಳೆ. ಅವರದು ಕುರಿ ಸಾಕುವ ಮನೆತನ. ಆ ದಿನಗಳಲ್ಲಿ ಗಂಡ, ಮಕ್ಕಳು ಕುರಿ ಹೊಡೆದುಕೊಂಡು ಮೇವಿಗಾಗಿ ಹಡಗಲಿ ಕಡೆ ಹೊಳೆಸಾಲಿಗೆ ಹೋಗಿರುತ್ತಾರೆ. ಮನೆಯಲ್ಲಿ ಆಕೆ ಒಬ್ಬಳೇ, ಜೊತೆಗೆ ಆ ವರ್ಷದ ಬೆಳೆ.

ಹೋದ ಸಲ ಹೊಸ ವರ್ಷದ ದಿನ ನಮ್ಮ ಪಾಸ್ಟರಿಗೆ ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮೂರೂ ಕಡೆ ಆರಾಧನೆ ನಡೆಸುವುದಿತ್ತು. ನಮ್ಮೂರಲ್ಲಿ ಈ ಸಲ ಸಂದೇಶ ನೀವೇ ಕೊಡಿ ಎಂದು ನನಗೆ ಹೇಳಿದರು. ಬೇಡ ಎನ್ನುವ ನಾಟಕ ಸ್ವಲ್ಪ ಆಡಿ ಒಪ್ಪಿಕೊಂಡೆ. ಒಳಗೊಳಗೇ ನನಗೆ ಕುಣಿಯುವಷ್ಟು ಖುಷಿ. ಇಷ್ಟು ವರ್ಷ ಬೇರೆಯವರ ಪ್ರಸಂಗ ಕೇಳುತ್ತ ಮನಸ್ಸಿನಲ್ಲೇ ಅಂಕ ಹಾಕುತ್ತಿದ್ದವಳು ನಾನು. ವಿಷಯ, ಹೊಸ ವರ್ಷದಲ್ಲಿ ಅರ್ಥಪೂರ್ಣ ಬದುಕು. ಒಂಬತ್ತು ಪುಟ ಬರೆದೆ, ತಲೆಬರಹಗಳಿಗೆ ಕೆಂಪು ಶಾಯಿ ಹಾಕಿದೆ. ಮನೆಯಲ್ಲಿ ಗಂಡನನ್ನು ಕೂರಿಸಿಕೊಂಡು ಮೂರು ಸಲ ಓದಿದೆ. ಮೂರು ಸಲವೂ ಆತ ಎರಡನೆಯ ಪುಟದಲ್ಲಿ ನಿದ್ದೆ ಹೋದ.

ಹಿಂದಿನ ದಿನ ಮಧ್ಯಾಹ್ನ ಚರ್ಚಿನ ಕಡೆ ಹೋದರೆ ಅಂಗಳದ ತುಂಬ ಮೆಕ್ಕೆಜೋಳ. ಪಕ್ಕದ ಮನೆಯಾಕೆ ಸೀರೆ ಎತ್ತಿ ಕಟ್ಟಿ, ಕಾಳಿನೊಳಗೆ ಕಾಲು ಎಳೆಯುತ್ತ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಕೆಳಗಿನ ಕಾಳು ಮೇಲೆ ಬಂದು ಬಿಸಿಲು ಕಾಣಲಿ ಎಂದು ಹಾಗೆ ಮಾಡುತ್ತಾರೆ. ನಾಳೆ ನಮ್ಮ ಹಬ್ಬ, ಇದನ್ನೆಲ್ಲ ಈಗಲೇ ತೆಗೆಯಬೇಕು ಎಂದೆ. ಇನ್ನೊಂದು ಬಿಸಿಲು ಬೇಕು, ಹಸಿ ಇದ್ದರೆ ಚೀಲದಲ್ಲೇ ಬೂಸಲು ಬರುತ್ತದೆ ಎಂದಳು. ಹೋಗಲಿ, ಅರ್ಧ ಅಂಗಳವನ್ನಾದರೂ ನನಗೆ ಬಿಡಿ ಎಂದಳು. ಹೊಸ ಬಟ್ಟೆ ಉಟ್ಟು ಬಂದ ಜನ ನಿನ್ನ ಕಾಳು ತುಳಿದುಕೊಂಡು ದೇವರ ಮುಂದೆ ಹೋಗಬೇಕೇನು ಎಂದು ನಾನು ಶಾಲೆಯ ದನಿಯಲ್ಲಿ ಕೇಳಿದೆ. ಆಕೆ ಮನೆಯಿಂದ ಬಿದಿರಿನ ಪುಟ್ಟಿ ತಂದಳು. ಹೊತ್ತು ಮುಳುಗುವವರೆಗೆ ಪುಟ್ಟಿಯಲ್ಲಿ ತುಂಬಿ ತುಂಬಿ ಇಳಿಸಿದಳು. ರಸ್ತೆಯ ಆಚೆ, ಗಟಾರದ ಪಕ್ಕದ ತಗ್ಗಿನಲ್ಲಿ ತಾಡಪಾಲು ಹಾಸಿ ಅದರ ಮೇಲೆ ಹರವಿಕೊಂಡಳು. ನಾನು ಅಂಗಳ ತೊಳೆಸಿ, ಬಿಳಿ ಪುಡಿಯಲ್ಲಿ ಹೊಸ ವರ್ಷದ ಶುಭಾಶಯ ಬರೆದು, ಎರಡೂ ತುದಿಗೆ ಒಂದೊಂದು ಹೂವು ಬಿಡಿಸಿ ಮನೆಗೆ ಹೋದೆ. ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಮೋಡವಿತ್ತಂತೆ. ನಾನು ಆಕಾಶ ನೋಡಲಿಲ್ಲ, ಒಂಬತ್ತು ಪುಟ ನೋಡಿಕೊಳ್ಳುತ್ತಿದ್ದೆ. ಹತ್ತು ಗಂಟೆಗೆ ಆರಾಧನೆ ಶುರುವಾಯಿತು. ಹಾಡು, ಪ್ರಾರ್ಥನೆ ಮುಗಿದು ನನ್ನ ಸರದಿ ಬಂತು. ಮೊದಲನೆಯ ಅಂಶ ಕೃತಜ್ಞತೆ, ಸಲೀಸಾಗಿ ಹೋಯಿತು. ಎರಡನೆಯದು ಸಮಯದ ಸದುಪಯೋಗ. ಅದರ ನಡುವೆ ತಲೆಯ ಮೇಲಿನ ತಗಡು ಟಪ್ ಎಂದಿತು. ಆಮೇಲೆ ಇನ್ನೊಂದು ಕಡೆ ಟಪ್ ಎಂದಿತು. ನಮ್ಮ ಕಡೆ ಆ ತಿಂಗಳಲ್ಲಿ ಮಳೆ ಎಲ್ಲಿಂದ ಬರಬೇಕು? ಎಲ್ಲರೂ ಒಟ್ಟಿಗೆ ಮೇಲೆ ನೋಡಿದರು, ಆಮೇಲೆ ಕಿಟಕಿಯ ಕಡೆ ನೋಡಿದರು. ನಾನು ತರಗತಿಯಲ್ಲಿ ಮಾಡುತ್ತಿದ್ದಂತೆ ದನಿ ಏರಿಸಿದೆ.

ಮುಂದಿನ ಸಾಲಿನಲ್ಲಿದ್ದ ನನ್ನ ಗಂಡ ಎದ್ದು ನಿಂತ. ಮದುವೆಯಾದಾಗಿನಿಂದ ನನ್ನ ಮಾತು ಮುಗಿಯುವ ಮುಂಚೆ ಎದ್ದ ಮನುಷ್ಯನಲ್ಲ ಆತ.

"ನೀ ಹೇಳಾಕತ್ತಿರು, ನಾ ಬಂದೆ. ಅಲ್ಲಿ ಆಕಿ ಒಬ್ಬಾಕಿ ಅದಾಳ," ಎಂದು ಚಪ್ಪಲಿಯನ್ನೂ ಮೆಟ್ಟದೆ ಹೊರಟೇ ಹೋದ.

ಆತನ ಹಿಂದೆ ಒಬ್ಬರು, ಅವರ ಹಿಂದೆ ಇಬ್ಬರು, ಆಮೇಲೆ ಇಡೀ ಸಭೆ. ರೇಷ್ಮೆ ಸೀರೆಯವರೂ ಇಸ್ತ್ರಿ ಅಂಗಿಯವರೂ ಒಂದೇ ಓಟ. ನನಗೆ ವಿಪರೀತ ಸಿಟ್ಟು ಬಂತು. ಒಳಗೆ ಉಳಿದವಳು ಗೋಡೆಯ ಪಕ್ಕ ಕುರ್ಚಿಯಲ್ಲಿದ್ದ ಮುದುಕಿ ಒಬ್ಬಳೇ. ನಮ್ಮ ಸಭೆಗೆಲ್ಲ ಹಿರಿಯಳು ಆಕೆ. ಸರಿ, ಆಕೆಗಾದರೂ ಹೇಳೋಣ ಎಂದು ಗಂಟಲು ಸರಿ ಮಾಡಿಕೊಂಡೆ.

"ಇನ್ನ ಯಾರಿಗೆ ಹೇಳ್ತಿ ತಂಗಿ? ನನಗ ಕಿವಿ ಕೇಳಸಂಗಿಲ್ಲ," ಎಂದಳು ಮುದುಕಿ.

ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ನಕ್ಕ ಮೇಲೆ ಸಿಟ್ಟು ಎಲ್ಲಿ ನಿಲ್ಲುತ್ತದೆ? ಪುಟಗಳನ್ನು ಆಕೆಯ ಮಡಿಲಿಗೆ ಹಾಕಿ ಬಾಗಿಲಿಗೆ ಬಂದೆ.

ಅಂಗಳದಲ್ಲಿ ಬಿದ್ದ ಮಳೆ ನಿಲ್ಲದೆ ಇಳಿಜಾರಿನಲ್ಲಿ ಹರಿದುಹೋಗುತ್ತಿತ್ತು. ನನ್ನ ಅಕ್ಷರ, ಹೂವು ಎರಡೂ ಅದರ ಜೊತೆ ಹೋಗಿದ್ದವು. ಇಲ್ಲೇ ಇದ್ದಿದ್ದರೆ ಕಾಳಿಗೆ ಒಂದು ತಾಡಪಾಲು ಮುಚ್ಚಿದರೆ ಸಾಕಿತ್ತು. ಅಲ್ಲಿ ತಗ್ಗಿನಲ್ಲಿ ಗಟಾರದ ನೀರು ಉಕ್ಕಿ ತಾಡಪಾಲಿನ ಅಂಚಿಗೆ ಬರುತ್ತಿತ್ತು. ಆಕೆ ಎರಡೂ ತೋಳಿನಿಂದ ಕಾಳು ನಡುವಿಗೆ ಎಳೆದುಕೊಳ್ಳುತ್ತಿದ್ದಳು, ನಮ್ಮವರು ಸುತ್ತ ನಿಂತು ಪುಟ್ಟಿ, ಬಕೆಟ್ಟು, ಸೆರಗು, ಸಿಕ್ಕಿದ್ದರಲ್ಲಿ ತುಂಬುತ್ತಿದ್ದರು. ಅವಳ ಆರು ತಿಂಗಳ ದುಡಿಮೆಯನ್ನು ನೀರಿನ ಬಾಯಿಗೆ ಒಯ್ದು ಇಟ್ಟವಳು ನಾನು. ನನಗೆ ಬಹಳ ನಾಚಿಕೆಯಾಯಿತು. ಕರ್ತನೇ, ಕ್ಷಮಿಸು ಎಂದುಕೊಂಡು ಓಡಿದೆ. ಆ ವರ್ಷದ ನನ್ನ ಮೊದಲನೆಯ ನಿಜವಾದ ಪ್ರಾರ್ಥನೆ ಅದೇ.

ತುಂಬಿದ್ದನ್ನು ಎಲ್ಲಿ ಹಾಕಬೇಕೆಂದು ಯಾರಿಗೂ ತಿಳಿಯದು. ಅವಳ ಮನೆಯಲ್ಲಿ ಬಿಟ್ಟುಹೋದ ಕುರಿಮರಿಗಳೂ ಮೇವೂ ಸೇರಿ ಕಾಲಿಡಲು ಜಾಗವಿರಲಿಲ್ಲ. ಒಳಗೆ ಹಾಕಿ, ಚರ್ಚಿನೊಳಗೆ ಎಂದು ನಾನೇ ಕೂಗಿದೆ. ಗಂಡ ನನ್ನ ಮುಖ ನೋಡಿದ, ಪುಟ್ಟಿ ಹೊತ್ತು ನಡೆದ. ಚಾಪೆಯ ಮೇಲೆ ಹಾಕಿದೆವು, ಅದು ತುಂಬಿದ ಮೇಲೆ ಬರಿ ನೆಲದ ಮೇಲೆ, ಕೊನೆಗೆ ನಾನು ನಿಂತು ಮಾತಾಡಿದ ಜಾಗದಲ್ಲೂ ಹಾಕಿದೆವು. ಅಂಚಿನ ಒಂದಿಷ್ಟು ಕಾಳು ತೊಯ್ದಿತ್ತು, ಉಳಿದದ್ದೆಲ್ಲ ದಕ್ಕಿತು.

ಮಳೆ ಬಂದಷ್ಟೇ ಬೇಗ ನಿಂತಿತು. ಎಲ್ಲರೂ ತೊಯ್ದು ತೊಪ್ಪೆಯಾಗಿ ಕಾಳಿನ ರಾಶಿಯ ಸುತ್ತ ಕೂತಿದ್ದರು. ಒಬ್ಬರ ತಲೆ ನೋಡಿ ಒಬ್ಬರು ನಗುತ್ತಿದ್ದರು. ಯಾರೋ ಬೆಲ್ಲದ ಚಹಾ ಕಾಸಿ ತಂದರು, ಹಬ್ಬದ ಕೇಕೂ ಬಂತು. ಆಕೆ ಮಾತ್ರ ಬಾಗಿಲಲ್ಲೇ ನಿಂತಿದ್ದಳು. ಇಷ್ಟು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದರೂ ಆಕೆ ಒಂದು ದಿನವೂ ಒಳಗೆ ಬಂದವಳಲ್ಲ. ನಾನು ಕರೆದವಳೂ ಅಲ್ಲ. ಕೈ ಹಿಡಿದು ಒಳಗೆ ತಂದು ಅವಳ ಕಾಳಿನ ಪಕ್ಕದಲ್ಲೇ ಕೂರಿಸಿದೆ, ಚಹಾ ಕೊಟ್ಟೆ.

ಚಹಾ ಕುಡಿದು ಆಕೆ ಹೇಳಿದಳು: "ಅಕ್ಕಾರ, ನನ್ನ ಸಲುವಾಗಿ ನಿಮ್ಮ ಮಾತು ಅರ್ಧಕ್ಕ ನಿಂತೈತಿ. ಉಳಿದಿದ್ದು ಹೇಳ್ರಿ, ನಾನೂ ಕೇಳ್ತೀನಿ."

ಮುದುಕಿಯ ಮಡಿಲಿನಿಂದ ಪುಟ ತೆಗೆದುಕೊಂಡೆ. ಮೂರನೆಯ ಅಂಶ, ಕೆಂಪು ಶಾಯಿಯಲ್ಲಿ: ನೆರೆಯವರು. ಕೆಳಗೆ ನೆರೆಯವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಎರಡು ಪುಟ, ನನ್ನದೇ ಮುದ್ದಾದ ಅಕ್ಷರದಲ್ಲಿ. ಪುಟ ಮಡಚಿ ಇಟ್ಟೆ.

"ನಿನ್ನಿ ನಾ ಮಾಡಿದ್ದು ತಪ್ಪಾತು. ಮನಸಿನ್ಯಾಗ ಇಟ್ಕೋಬ್ಯಾಡ," ಎಂದೆ. ಶಾಲೆಯ ದನಿ ಆಗ ಎಲ್ಲಿ ಹೋಗಿತ್ತೋ.

"ಸಿಟ್ಟು ಇತ್ರಿ," ಎಂದಳು ಆಕೆ, ಅಡ್ಡ ಮಾತಿಲ್ಲದೆ. "ನೀವು ಸೆರಗಿನ್ಯಾಗ ಕಾಳು ತುಂಬೋದು ನೋಡಿದ ಮ್ಯಾಲೆ ಹೋತು."

ಹೊಸ ವರ್ಷದ ಸಂದೇಶ ಅಲ್ಲಿಗೇ ಮುಗಿಯಿತು. ಕೊನೆಯ ಹಾಡು ಹಾಡಿದೆವು, ಅಷ್ಟು ಗಟ್ಟಿಯಾಗಿ ನಮ್ಮ ಸಭೆ ಹಾಡಿದ್ದನ್ನು ನಾನು ಕೇಳಿರಲಿಲ್ಲ. ಬಿಸಿಲು ಬಿದ್ದು ಕಾಳು ಮತ್ತೆ ಅಂಗಳಕ್ಕೆ ಹೋಗುವವರೆಗೆ ಮೂರು ದಿನ ಚರ್ಚಿನೊಳಗೆ ಮೆಕ್ಕೆಜೋಳದ ವಾಸನೆ ಇತ್ತು. ಅರ್ಥಪೂರ್ಣ ಬದುಕಿನ ಬಗ್ಗೆ ಯಾರಾದರೂ ಕೇಳಿದರೆ ನಾನು ಈಗ ಒಂಬತ್ತು ಪುಟ ಬರೆಯುವುದಿಲ್ಲ. ಮಳೆ ಬಂದಾಗ ಯಾರ ಕಾಳು ಹೊರಗಿದೆ ಎಂದು ನೋಡಿ ಎನ್ನುತ್ತೇನೆ. ನನ್ನ ಕರ್ತನು ನನಗೆ ಕಲಿಸಿದ್ದು ಇಷ್ಟು, ಅದನ್ನೂ ನನ್ನ ಗಂಡನ ಕೈಯಿಂದ ಕಲಿಸಿದ.

ಈ ವರ್ಷ ಹಬ್ಬದ ಹಿಂದಿನ ದಿನ ನಾನೇ ಪೊರಕೆ ಹಿಡಿದು ಅಂಗಳ ಗುಡಿಸಿದೆ, ಅವಳ ಬಾಗಿಲಿಗೆ ಹೋಗಿ ಕಾಳು ಹರವು ಎಂದೆ. ಪೂರ್ತಿ ಹರವಿದಳು, ಬಾಗಿಲವರೆಗೆ ಕಾಲುದಾರಿಯನ್ನೂ ಬಿಡಲಿಲ್ಲ. ಹೊಸ ವರ್ಷದ ದಿನ ಹದಿನಾಲ್ಕು ಮನೆಯವರು ಚಪ್ಪಲಿ ಕೆಳಗೆ ಬಿಟ್ಟು, ಹೊಸ ಬಟ್ಟೆ ಎತ್ತಿ ಹಿಡಿದು, ಬರಿಗಾಲಲ್ಲಿ ಕಾಳಿನ ನಡುವೆ ಸಾಲಾಗಿ ನಡೆದು ಒಳಗೆ ಹೋದೆವು. ಈ ಸಲ ಪಾಸ್ಟರೂ ಬಂದಿದ್ದರು, ನಗುತ್ತ ಪ್ಯಾಂಟು ಮಡಚಿಕೊಂಡರು. ನಾನು ಕಾಳು ತುಳಿಯಬಾರದೆಂದು ಮೆಲ್ಲಗೆ ಹೆಜ್ಜೆ ಎತ್ತಿ ಎತ್ತಿ ಇಡುತ್ತಿದ್ದೆ. ಆಕೆ ತನ್ನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವಳು ಅಲ್ಲಿಂದಲೇ ಗದರಿದಳು:

"ಕಾಲು ಎತ್ತಿ ನಡೀಬ್ಯಾಡ್ರಿ ಅಕ್ಕಾರ, ಎಳಕೊಂತ ನಡೀರಿ. ಕೆಳಗಿನ ಕಾಳು ಮ್ಯಾಲೆ ಬರ್ಲಿ."